ಹೊಸ ಮನೆಯ ಕರೆಂಟು, ನೀರು, ಗ್ಯಾಸಿನ ಖರ್ಚು: ಮುಂಚೆಯೇ ಅಂದಾಜು ಮಾಡಲು ಯಾವ ದಾರಿ ಒಳ್ಳೆಯದು?

ಮನೆ ನೋಡಲು ಹೋದಾಗ ಬಾಡಿಗೆ ಎಷ್ಟು, ಠೇವಣಿ ಎಷ್ಟು ಅಂತ ಕೇಳುತ್ತೇವೆ. ಕರೆಂಟ್ ಬಿಲ್ ಎಷ್ಟು ಬರುತ್ತೆ ಅಂತಲೂ ಕೇಳುತ್ತೇವೆ. ಮೊದಲ ಎರಡಕ್ಕೆ ಲೆಕ್ಕದ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಸಿಗುವುದು "ಏನೂ ಜಾಸ್ತಿ ಬರಲ್ಲ" ಅನ್ನುವ ಮಾತು. ಯಾರಿಗೆ ಜಾಸ್ತಿ ಬರಲ್ಲ? ದಿನವಿಡೀ ಹೊರಗಿರುವ ಇಬ್ಬರಿಗಾ, ಮನೆಯಿಂದಲೇ ಕೆಲಸ ಮಾಡುವ ಐದು ಜನರಿಗಾ? ಉತ್ತರ ಕೊಟ್ಟವರು ಸುಳ್ಳು ಹೇಳಿರುವುದಿಲ್ಲ. ಅವರ ಲೆಕ್ಕ ನಿಮ್ಮದಲ್ಲ, ಅಷ್ಟೇ.

ಅಂದಾಜು ಮಾಡಲು ಸಾಮಾನ್ಯವಾಗಿ ಮೂರು ದಾರಿ ಇವೆ. ಹೊಸ ಮನೆಯ ಹಳೆ ಬಿಲ್ಲು ನೋಡುವುದು ಒಂದು. ನಿಮ್ಮ ಈಗಿನ ಮನೆಯ ಬಿಲ್ಲನ್ನು ಹೊಸ ಮನೆಗೆ ಹೊಂದಿಸಿಕೊಳ್ಳುವುದು ಇನ್ನೊಂದು. ಒಂದೊಂದು ಉಪಕರಣದ ವ್ಯಾಟ್ ಹಿಡಿದು ಲೆಕ್ಕ ಹಾಕುವುದು ಮೂರನೆಯದು. ಹೆಚ್ಚಿನವರು ಮೊದಲನೆಯದನ್ನೇ ನಂಬುತ್ತಾರೆ. ನನ್ನ ಆಯ್ಕೆ ಎರಡನೆಯದು. ಯಾಕೆ ಅಂತ ಹೇಳುತ್ತೇನೆ.

ಯಾವ ದಾರಿ ಹಿಡಿದರೂ ಒಂದು ಅಭ್ಯಾಸ ಮಾಡಿಕೊಳ್ಳಿ. ದುಡ್ಡಿನ ಲೆಕ್ಕ ಕೊನೆಗೆ. ಮೊದಲು ಯೂನಿಟ್, ಲೀಟರ್, ಕೆಜಿಯಲ್ಲಿ ಮಾತಾಡಿ. ದರ ವರ್ಷಕ್ಕೊಮ್ಮೆ ಬದಲಾಗಬಹುದು, ಊರಿಂದ ಊರಿಗೆ ಬೇರೆ ಇರಬಹುದು. ಬಿಲ್ಲಿನ ಮೊತ್ತದಲ್ಲಿ ಹಳೆ ಬಾಕಿ, ದಂಡ, ರಿಯಾಯಿತಿ ಎಲ್ಲಾ ಕಲಸಿಹೋಗಿರುತ್ತದೆ. ಯೂನಿಟ್ ಮಾತ್ರ ಎಲ್ಲಿ ಹೋದರೂ ಒಂದೇ: 1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ 1 ಯೂನಿಟ್.

ಹಳೆ ಬಿಲ್ಲು: ನೋಡಲೇಬೇಕು, ಪೂರ್ತಿ ನಂಬಬಾರದು

ಹಳೆ ಬಿಲ್ಲಿನಲ್ಲಿ ಎರಡು ಕಥೆ ಒಟ್ಟಿಗೆ ಇರುತ್ತವೆ. ಒಂದು ಮನೆಯದು, ಇನ್ನೊಂದು ಅಲ್ಲಿ ಇದ್ದ ಜನರದ್ದು. ಬಿಸಿಲು ಬಡಿಯುವ ಗೋಡೆ, ಹಳೆ ಗೀಸರ್, ಸೋರುವ ನಲ್ಲಿ ಇವು ನಿಮ್ಮ ಜೊತೆಗೂ ಉಳಿಯುತ್ತವೆ. ಅವರ ಸ್ನಾನ, ಅಡುಗೆ, ಎಸಿ ಹಾಕುವ ರೀತಿ ಅವರ ಜೊತೆ ಹೋಗುತ್ತದೆ. ಬಿಲ್ಲು ನೋಡಿ ಇವೆರಡನ್ನೂ ಬೇರೆ ಮಾಡುವುದು ಕಷ್ಟ.

ಆದರೂ ಕೇಳಿ. ಒಂದು ತಿಂಗಳದ್ದಲ್ಲ, ಹನ್ನೆರಡು ತಿಂಗಳದ್ದು. ಅಷ್ಟು ಸಿಗದಿದ್ದರೆ ಮೂರು ಸಾಕು: ತುಂಬಾ ಬಿಸಿಲಿನ ತಿಂಗಳು, ತುಂಬಾ ಚಳಿಯ ತಿಂಗಳು, ಎರಡೂ ಅಲ್ಲದ ಒಂದು ತಿಂಗಳು. ಮನೆ ತೋರಿಸುವವರು ತಾವಾಗಿ ಒಂದೇ ಬಿಲ್ಲು ತೆಗೆದು ಕೊಟ್ಟರೆ ಅದು ಹಿತವಾದ ಹವೆಯ ತಿಂಗಳದ್ದೇ ಆಗಿರುವ ಸಾಧ್ಯತೆ ಜಾಸ್ತಿ, ಅಲ್ವಾ?

ಬಿಲ್ಲು ಕೈಗೆ ಬಂದರೆ ಮೊತ್ತದ ಕಡೆ ನೋಡಬೇಡಿ. ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎರಡನ್ನೂ ಹುಡುಕಿ, ಕಳೆಯಿರಿ. ಅದು ಎಷ್ಟು ದಿನದ ಬಳಕೆ ಅಂತ ನೋಡಿ. ಕೆಲವು ಕಡೆ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ರೀಡಿಂಗ್ ನಿಜವಾಗಿ ತೆಗೆದದ್ದೋ, ಮನೆ ಬೀಗ ಹಾಕಿದೆ ಅಂತ ಸರಾಸರಿ ಹಾಕಿದ್ದೋ ಅನ್ನುವುದನ್ನೂ ಗಮನಿಸಿ. ಸರಾಸರಿ ಬಿಲ್ಲು ಎರಡು ಮೂರು ಸಲ ಬಂದರೆ, ನಿಜವಾದ ಲೆಕ್ಕ ಮುಂದೊಂದು ದಿನ ಒಟ್ಟಿಗೆ ಬರುತ್ತದೆ. ಆ ದಿನ ಆ ಮನೆಯಲ್ಲಿ ನೀವಿದ್ದರೆ ತಲೆನೋವು ನಿಮ್ಮದು.

ಬಿಲ್ಲು ತೀರಾ ಕಡಿಮೆ ಇದ್ದರೆ ಖುಷಿಪಡುವ ಮುಂಚೆ ಮೂರು ವಿಷಯ ಕೇಳಿ. ಆ ತಿಂಗಳುಗಳಲ್ಲಿ ಮನೆಯಲ್ಲಿ ಜನ ಇದ್ದರಾ? ಛಾವಣಿ ಮೇಲೆ ಸೋಲಾರ್ ಇದೆಯಾ? ಇದ್ದರೆ ಬಿಲ್ಲಿನಲ್ಲಿ ಕಾಣುವುದು ಸೋಲಾರ್ ಕಳೆದು ಉಳಿದದ್ದು. ಪೂರ್ತಿ ಬಳಕೆ ಅಲ್ಲ. ಮೂರನೆಯದು, ರಿಯಾಯಿತಿ ಯಾರ ಹೆಸರಲ್ಲಿದೆ? ಹೆಸರು ಬದಲಾದರೆ ಅದು ನಿಮಗೆ ಸಿಗದೇ ಹೋಗಬಹುದು.

ಈಗಿನ ಮನೆಯಿಂದ ಹೊಸ ಮನೆಗೆ ಲೆಕ್ಕ

ಇದೇ ನನಗೆ ಹೆಚ್ಚು ನಂಬಿಕೆ ಇರುವ ದಾರಿ. ನೀವು ಹೇಗೆ ಬದುಕುತ್ತೀರಿ ಅನ್ನುವುದು ನಿಮ್ಮ ಈಗಿನ ಬಿಲ್ಲಿನಲ್ಲಿ ಈಗಾಗಲೇ ಇದೆ. ಮನೆ ಬದಲಾದರೂ ಆ ಅಭ್ಯಾಸ ಸುಲಭಕ್ಕೆ ಬದಲಾಗುವುದಿಲ್ಲ.

ಬಳಕೆಯನ್ನು ಮೂರು ಭಾಗ ಮಾಡಿ. ಉದಾಹರಣೆಗೆ, ಹಿತವಾದ ತಿಂಗಳಲ್ಲಿ ನಿಮಗೆ 120 ಯೂನಿಟ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಇದು ನಿಮ್ಮ ಬುನಾದಿ: ಫ್ರಿಜ್, ಲೈಟು, ರೌಟರ್, ಟಿವಿ, ಬಟ್ಟೆ ಒಗೆಯುವ ಮಷಿನ್, ಮಾಮೂಲಿ ಬಿಸಿನೀರು. ಬೇಸಿಗೆಯಲ್ಲಿ 230 ಆದರೆ ಹೆಚ್ಚಾದ 110 ತಂಪು ಮಾಡಿಕೊಳ್ಳಲು ಹೋದದ್ದು. ಚಳಿಯಲ್ಲಿ 170 ಆದರೆ ಹೆಚ್ಚಾದ 50 ಬಿಸಿ ಮಾಡಿಕೊಳ್ಳಲು.

ಹೊಸ ಮನೆಗೆ ಹೋದಾಗ 120 ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಫ್ರಿಜ್ಜಿಗೆ ವಿಳಾಸ ಬದಲಾದದ್ದು ಗೊತ್ತಾಗುವುದಿಲ್ಲ. ಜನ ಹೆಚ್ಚಾದರೆ ಬಿಸಿನೀರಿನ ಪಾಲು, ಬಟ್ಟೆ ಒಗೆಯುವ ಪಾಲು ಮಾತ್ರ ಬೆಳೆಯುತ್ತದೆ. ನಿಜವಾಗಿ ಅಲ್ಲಾಡುವುದು ಆ 110. ಈಗ ಮಧ್ಯದ ಮಹಡಿಯಲ್ಲಿದ್ದು, ಒಂದೇ ಕೋಣೆಗೆ ಎಸಿ ಹಾಕುತ್ತೀರಿ. ಹೊಸದು ಮೇಲಿನ ಮಹಡಿ, ಎಸಿ ಎರಡು ಕೋಣೆಗೆ. ಆಗ 110 ಒಂದೂವರೆ ಪಟ್ಟಿಂದ ಎರಡು ಪಟ್ಟು ಆಗಬಹುದು ಅಂತ ಇಟ್ಟುಕೊಳ್ಳೋಣ. ಅಂದರೆ 165ರಿಂದ 220. ಬೇಸಿಗೆಯ ತಿಂಗಳು 285ರಿಂದ 340 ಯೂನಿಟ್.

ವರ್ಷಕ್ಕೆ ಎಷ್ಟಾಯಿತು? ನಾಲ್ಕು ತಿಂಗಳು ಬಿಸಿಲು, ಮೂರು ತಿಂಗಳು ಚಳಿ, ಐದು ತಿಂಗಳು ಹಿತ ಅಂತ ತೆಗೆದುಕೊಂಡರೆ ಹಳೆ ಮನೆಯಲ್ಲಿ 920, 510, 600 ಸೇರಿ 2030 ಯೂನಿಟ್. ಹೊಸದರಲ್ಲಿ 2250ರಿಂದ 2470. ಒಂದೇ ಅಂಕಿ ಬೇಡ, ಹೀಗೆ ಕೆಳಗಿನದು ಮೇಲಿನದು ಎರಡೂ ಇರಲಿ. ಮನೆಯ ಬಜೆಟ್ಟಿಗೆ ಮೇಲಿನ ಅಂಕಿ ಇಟ್ಟುಕೊಳ್ಳಿ. ಎರಡು ಮನೆ ಹೋಲಿಸುವಾಗ ಎರಡಕ್ಕೂ ಒಂದೇ ರೀತಿ ಲೆಕ್ಕ ಹಾಕಿ.

ಇಲ್ಲಿ ಚದರಡಿ ಹಿಡಿದು ಗುಣಿಸುವವರಿದ್ದಾರೆ. "ಮನೆ ಒಂದೂವರೆ ಪಟ್ಟು ದೊಡ್ಡದು, ಬಿಲ್ಲೂ ಒಂದೂವರೆ ಪಟ್ಟು." ಹಾಗಾಗುವುದಿಲ್ಲ. ಇಡೀ ಮನೆಯನ್ನು ಬಿಸಿ ಅಥವಾ ತಂಪು ಮಾಡುವ ಕಡೆ ಮಾತ್ರ ವಿಸ್ತೀರ್ಣಕ್ಕೆ ಅಷ್ಟು ಬೆಲೆ. ಖಾಲಿ ಇರುವ ಕೋಣೆ ಕರೆಂಟು ತಿನ್ನುವುದಿಲ್ಲ.

ವ್ಯಾಟ್ ಹಿಡಿದು ಲೆಕ್ಕ ಹಾಕುವುದು

ಮೊದಲ ಸಲ ಸ್ವಂತ ಮನೆ ಮಾಡುವವರಿಗೆ ಹಿಂದಿನ ಬಿಲ್ಲೇ ಇರುವುದಿಲ್ಲ. ಅವರಿಗೆ ಇದೇ ದಾರಿ. ವ್ಯಾಟ್ ಗುಣಿಸು ಗಂಟೆ, ಭಾಗಿಸು 1000. 75 ವ್ಯಾಟಿನ ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 22.5 ಯೂನಿಟ್. ಅದೇ ಗಾಳಿ ಕೊಡುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಮೋಟಾರಿನದ್ದು) ಆದರೆ 9. 10 ವ್ಯಾಟಿನ ರೌಟರ್ ಹಗಲು ರಾತ್ರಿ ಉರಿದರೆ ತಿಂಗಳಿಗೆ 7, ವರ್ಷಕ್ಕೆ 88 ಯೂನಿಟ್ ಹತ್ತಿರ. ಸಣ್ಣದು ಅಂತ ಕಂಡರೂ ಬಿಡುವಿಲ್ಲದೆ ಓಡುವುದು ಹೀಗೇ ಸೇರುತ್ತಾ ಹೋಗುತ್ತದೆ.

ಈ ಲೆಕ್ಕ ಫ್ಯಾನು, ಲೈಟು, ಟಿವಿಗೆ ಸರಿ. ಫ್ರಿಜ್, ಎಸಿ, ಇಸ್ತ್ರಿ ಪೆಟ್ಟಿಗೆಗೆ ಬಂದಾಗ ಎಡವುತ್ತದೆ. ಅವು ಆನ್ ಆಗಿದ್ದರೂ ಒಂದೇ ಸಮ ಓಡುವುದಿಲ್ಲ. ಫ್ರಿಜ್ಜಿನ ವ್ಯಾಟನ್ನು 24 ಗಂಟೆಗೆ ಗುಣಿಸಿದರೆ ಗಾಬರಿಯಾಗುವ ಅಂಕಿ ಬರುತ್ತದೆ, ಅದು ನಿಜವಲ್ಲ. ಫ್ರಿಜ್ಜಿನ ಮೇಲೆ ಅಂಟಿಸಿದ ಇಂಧನ ಲೇಬಲ್ಲಿನಲ್ಲಿ ವರ್ಷದ ಯೂನಿಟ್ ಇದ್ದರೆ ಅದನ್ನು 12ರಿಂದ ಭಾಗಿಸಿ, ಅಷ್ಟೇ ಸಾಕು. ಎಸಿಗೆ ಮಾತ್ರ ಇಂಥ ಸುಲಭ ಉಪಾಯ ಇಲ್ಲ. ಒಂದು ಟನ್ ಎಸಿ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಗೆ ಹಾಕುತ್ತದೆ. ಅದಕ್ಕೆ ಒಂದು ಕಿಲೋವ್ಯಾಟ್ ಹತ್ತಿರ ಕರೆಂಟು ಎಳೆಯುತ್ತದೆ. ಆದರೆ ಕೋಣೆ ತಂಪಾದ ಮೇಲೆ ಎಷ್ಟು ಹೊತ್ತು ಸುಮ್ನೆ ಇರುತ್ತದೆ ಅನ್ನುವುದು ಆ ಕೋಣೆಯ ಗೋಡೆ, ಕಿಟಕಿ, ಛಾವಣಿಯ ಕೈಯಲ್ಲಿದೆ.

ಬಿಸಿನೀರು: ಇದೊಂದಕ್ಕೆ ಕೂತು ಲೆಕ್ಕ ಹಾಕಿ

ಎಲ್ಲರೂ ಎಸಿ ಬಗ್ಗೆ ಕೇಳುತ್ತಾರೆ, ಗೀಸರ್ ಬಗ್ಗೆ ಯಾರೂ ಕೇಳುವುದಿಲ್ಲ. ಎಸಿ ಕೆಲವು ತಿಂಗಳ ಖರ್ಚು. ಬಿಸಿನೀರು ವರ್ಷವಿಡೀ ಇರುವುದು. ಲೆಕ್ಕವೂ ಸುಲಭ: ಲೀಟರ್ ಗುಣಿಸು ಎಷ್ಟು ಡಿಗ್ರಿ ಏರಬೇಕೋ ಅಷ್ಟು, ಭಾಗಿಸು 860. ಬರುವುದೇ ಯೂನಿಟ್.

ಒಬ್ಬರಿಗೆ ದಿನಕ್ಕೆ 40 ಡಿಗ್ರಿಯ 40 ಲೀಟರ್ ನೀರು ಬೇಕು ಅಂತ ಇಟ್ಟುಕೊಳ್ಳಿ. ನಲ್ಲಿಯ ನೀರು 22 ಡಿಗ್ರಿ ಇದ್ದರೆ 18 ಡಿಗ್ರಿ ಏರಿಸಬೇಕು. 0.84 ಯೂನಿಟ್ ಆಯಿತು. ನಾಲ್ಕು ಜನರಿಗೆ ತಿಂಗಳಿಗೆ 100 ಯೂನಿಟ್. ಚಳಿಗಾಲದಲ್ಲಿ ನಲ್ಲಿಯ ನೀರು 12 ಡಿಗ್ರಿಗೆ ಇಳಿದರೆ ಅದೇ ಸ್ನಾನಕ್ಕೆ 156. ಸ್ನಾನ ಮಾಡುವ ರೀತಿ ಏನೂ ಬದಲಾಗಿಲ್ಲ, ಬಿಲ್ಲು ಮಾತ್ರ ಒಂದೂವರೆ ಪಟ್ಟು.

ಹಾಗಾಗಿ ಹೊಸ ಮನೆಯಲ್ಲಿ ನೀರು ಹೇಗೆ ಕಾಯುತ್ತದೆ ಅನ್ನುವುದು ಟೈಲ್ಸ್ ಬಣ್ಣಕ್ಕಿಂತ ದೊಡ್ಡ ವಿಷಯ. ಟ್ಯಾಂಕ್ ಗೀಸರೋ ತಕ್ಷಣ ಕಾಯಿಸುವ ಇನ್‌ಸ್ಟಂಟ್ ಗೀಸರೋ ಅಂತ ಜನ ಚರ್ಚೆ ಮಾಡುತ್ತಾರೆ. ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಎರಡಕ್ಕೂ ಅಷ್ಟೇ ಕರೆಂಟು ಬೇಕು. ವ್ಯತ್ಯಾಸ ಇರುವುದು ಬೇರೆ ಕಡೆ. ಟ್ಯಾಂಕ್ ಗೀಸರನ್ನು ಇಡೀ ದಿನ ಆನ್ ಇಟ್ಟರೆ ಯಾರೂ ಬಳಸದಿದ್ದರೂ ನೀರು ಆರುತ್ತಾ, ಮತ್ತೆ ಕಾಯುತ್ತಾ ಇರುತ್ತದೆ. ಇನ್‌ಸ್ಟಂಟ್ ಗೀಸರಿಗೆ ಆ ನಷ್ಟ ಕಡಿಮೆ. ಆದರೆ 3 ಕಿಲೋವ್ಯಾಟಿನದ್ದು 20 ಡಿಗ್ರಿ ಏರಿಸಿ ಕೊಡುವುದು ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಶವರ್ ಕೆಳಗೆ ನಿಲ್ಲುವವರಿಗೆ ಅದು ಸಾಲದು. ದೊಡ್ಡದು ಹಾಕಿಸಿದರೆ ಮಂಜೂರಾದ ಲೋಡ್, ಅಂದರೆ ಒಂದೇ ಹೊತ್ತಿಗೆ ಎಷ್ಟು ಕಿಲೋವ್ಯಾಟ್ ಎಳೆಯಬಹುದು ಅಂತ ಮನೆಗೆ ಕೊಟ್ಟಿರುವ ಮಿತಿ, ಏರಿಸಬೇಕಾಗಬಹುದು. ಲೋಡಿನ ಮೇಲೆ ನಿಗದಿತ ಶುಲ್ಕ ಇರುವ ಕಡೆ ಆ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಯಂತ್ರ) ಇದ್ದ ಮನೆ ಸಿಕ್ಕರೆ ಬಿಸಿನೀರಿನ ಯೂನಿಟ್ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಸೋಲಾರ್ ಇದ್ದರೆ ಬಿಸಿಲಿನ ದಿನ ಪುಕ್ಕಟೆ, ಮೋಡದ ದಿನ ಗೀಸರ್ ಲೆಕ್ಕವೇ. ಆದರೆ ಸೋಲಾರಿನ ಬಿಸಿನೀರು ನಿಮ್ಮ ನಲ್ಲಿಗೆ ನಿಜಕ್ಕೂ ಬರುತ್ತಾ ಅಂತ ತಿರುಗಿಸಿ ನೋಡಿ. ಛಾವಣಿ ಮೇಲೆ ಟ್ಯಾಂಕ್ ಕಂಡರೆ ಸಾಲದು.

ಗ್ಯಾಸೋ ಕರೆಂಟೋ

ಎರಡು ಮನೆಯಲ್ಲಿ ಒಂದರಲ್ಲಿ ಗ್ಯಾಸ್, ಇನ್ನೊಂದರಲ್ಲಿ ಇಂಡಕ್ಷನ್ ಇದ್ದರೆ ಹೋಲಿಸುವುದು ಹೇಗೆ? 1 ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್ಟಿನಷ್ಟು ಶಾಖ ಇರುತ್ತದೆ. ಒಲೆಯಲ್ಲಿ ಅದರ ಅರ್ಧದಷ್ಟು ಪಾತ್ರೆಗೆ ಹೋಗುತ್ತದೆ, ಉಳಿದದ್ದು ಅಡುಗೆಮನೆಯನ್ನು ಬಿಸಿ ಮಾಡುತ್ತದೆ. ಇಂಡಕ್ಷನ್‌ನಲ್ಲಿ 85 ಶೇಕಡಾ ಹತ್ತಿರ ಪಾತ್ರೆಗೇ ಹೋಗುತ್ತದೆ. ಲೆಕ್ಕ ಹಾಕಿದರೆ 1 ಕೆಜಿ ಗ್ಯಾಸಿನ ಕೆಲಸವನ್ನು ಸುಮಾರು 7.5 ಯೂನಿಟ್ ಕರೆಂಟು ಮಾಡುತ್ತದೆ. ಪೈಪಿನ ಗ್ಯಾಸ್ ಆದರೆ ಒಂದು ಘನ ಮೀಟರಿಗೆ ಸುಮಾರು 6 ಯೂನಿಟ್. ನಿಮ್ಮ ಕಡೆಯ ದರ ಇದಕ್ಕೆ ಹಾಕಿ ನೋಡಿ. ಗ್ಯಾಸ್ ಕೆಜಿಯ ಬೆಲೆ 7.5 ಯೂನಿಟ್ ಬೆಲೆಗಿಂತ ಜಾಸ್ತಿ ಇದ್ದರೆ ಇಂಡಕ್ಷನ್ ಅಗ್ಗ, ಇಲ್ಲದಿದ್ದರೆ ಗ್ಯಾಸ್. ಯೂನಿಟ್ ಬೆಲೆ ಅಂದಾಗ ಮೊದಲ ಸ್ಲ್ಯಾಬಿನದ್ದು (ಬಳಕೆ ಏರಿದಂತೆ ದರ ಬದಲಾಗುವ ಹಂತಗಳಲ್ಲಿ ಮೊದಲನೆಯದು) ಹಾಕಬೇಡಿ. ಅಡುಗೆಯ ಯೂನಿಟ್ಟು ಉಳಿದ ಬಳಕೆಯ ಮೇಲೆ ಸೇರುವುದರಿಂದ ನೀವು ಮುಟ್ಟುವ ಕೊನೆಯ ಸ್ಲ್ಯಾಬಿನ ದರ ಹಾಕಿ.

ಮೀಟರ್ ಯಾರದ್ದು?

ಒಂದೇ ಬಳಕೆ, ಒಂದೇ ಬೀದಿ, ಆದರೂ ಬಿಲ್ಲು ಬೇರೆ ಬೇರೆ ಬರಲು ಇದೇ ದೊಡ್ಡ ಕಾರಣ. ಮೊದಲ 100 ಯೂನಿಟ್ಟಿಗೆ ಒಂದು ದರ, ಅದರ ಮೇಲಿನದಕ್ಕೆ ಎರಡು ಪಟ್ಟು ದರ ಅಂತ ಇರುವ ಕಡೆ ಎರಡು ಮನೆ, ತಲಾ 100 ಯೂನಿಟ್. ಮೀಟರ್ ಬೇರೆ ಬೇರೆ ಇದ್ದರೆ ಇಬ್ಬರೂ ಕಡಿಮೆ ದರದಲ್ಲೇ ಮುಗಿಸುತ್ತಾರೆ. ಒಂದೇ ಮೀಟರ್ ಆದರೆ ಒಟ್ಟು 200, ಅರ್ಧಕ್ಕೆ ಎರಡು ಪಟ್ಟು ದರ. ಸಮನಾಗಿ ಹಂಚಿಕೊಂಡರೂ ಒಬ್ಬೊಬ್ಬರಿಗೂ ಒಂದೂವರೆ ಪಟ್ಟು ಬೀಳುತ್ತದೆ. ಯಾರೂ ಮೋಸ ಮಾಡಿಲ್ಲ, ಸ್ಲ್ಯಾಬ್ ಮಾಡಿದ ಕೆಲಸ ಇದು. ಹಾಗಾಗಿ ಪ್ರತ್ಯೇಕ ಮೀಟರ್ ಇರುವ ಮನೆಗೆ ಬಾಡಿಗೆ ಚೂರು ಜಾಸ್ತಿ ಇದ್ದರೂ ನಾನು ಅದನ್ನೇ ಆರಿಸುತ್ತೇನೆ. ಸಬ್ ಮೀಟರ್ (ಮುಖ್ಯ ಮೀಟರಿನ ಒಳಗೆ ನಿಮ್ಮ ಪಾಲು ಅಳೆಯಲು ಹಾಕಿದ್ದು) ಇದ್ದರೆ ಯೂನಿಟ್ಟಿಗೆ ಯಾವ ದರ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ.

"ಎಲ್ಲಾ ಬಾಡಿಗೆಯಲ್ಲೇ ಸೇರಿದೆ" ಅನ್ನುವ ಮನೆಗಳೂ ಇರುತ್ತವೆ. ಜಾಸ್ತಿ ಬಳಸುವವರಿಗೆ ಇದು ಲಾಭ, ಹೊರಗೇ ಇರುವವರಿಗೆ ನಷ್ಟ. ತಿಂಗಳಿಗೆ ಇಷ್ಟು ಯೂನಿಟ್ ಮೀರಿದರೆ ಬೇರೆ ಕೊಡಬೇಕು ಅನ್ನುವ ಷರತ್ತು ಇದೆಯಾ, ಅದನ್ನು ಮೊದಲೇ ಕೇಳಿ.

ಮನೆ ನೋಡಲು ಹೋದಾಗ ಮೀಟರ್ ಹತ್ತಿರ ಐದು ನಿಮಿಷ ನಿಲ್ಲಿ. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಮೀಟರಿನ ಮೇಲೇ ಬರೆದಿರುತ್ತದೆ, 1600 ಅಥವಾ 3200 ಅಂತೇನೋ. 3200 ಇರುವ ಮೀಟರಿನಲ್ಲಿ ನಿಮಿಷಕ್ಕೆ 32 ಸಲ ಮಿಣುಕಿದರೆ ಆ ಹೊತ್ತಿಗೆ 600 ವ್ಯಾಟ್ ಓಡುತ್ತಿದೆ ಅಂತ ಅರ್ಥ. ಈಗ ಆ ಮನೆಯ ಸ್ವಿಚ್ಚುಗಳನ್ನೆಲ್ಲಾ ಆಫ್ ಮಾಡಿಸಿ, ಆದರೆ ಮೇನ್ ಆನ್ ಇರಲಿ. ಮಿಣುಕುವುದು ನಿಲ್ಲಬೇಕು. ನಿಲ್ಲದಿದ್ದರೆ ಬೇರೆ ಯಾವುದೋ ಲೈನು ಈ ಮೀಟರಿಗೆ ಸೇರಿಕೊಂಡಿರಬಹುದು. ಆಮೇಲೆ ಮೇನ್ ಆಫ್ ಮಾಡಿಸಿ. ಮೆಟ್ಟಿಲ ದೀಪ ಆರಿತಾ? ನೀರಿನ ಮೋಟಾರ್ ನಿಂತಿತಾ? ಹಾಗಾದರೆ ಇಡೀ ಕಟ್ಟಡದ ಬೆಳಕು, ನೀರು ನಿಮ್ಮ ಲೆಕ್ಕಕ್ಕೆ ಬೀಳುತ್ತಿದೆ.

ಮೋಟಾರ್ ಬಗ್ಗೆ ಒಂದು ಮಾತು. ಅದಕ್ಕೆ ಸಿಕ್ಕಾಪಟ್ಟೆ ಕರೆಂಟು ಹೋಗುತ್ತದೆ ಅಂತ ಹೆದರಿಸುವವರಿದ್ದಾರೆ. ಕೆಳಗಿನ ಟ್ಯಾಂಕಿನಿಂದ 20 ಮೀಟರ್ ಮೇಲಕ್ಕೆ 1000 ಲೀಟರ್ ಏರಿಸಲು, ಪಂಪಿನ ನಷ್ಟ ಸೇರಿಸಿದರೂ, ಕಾಲು ಯೂನಿಟ್ ಕೂಡ ಬೇಡ. ಆಳದ ಕೊಳವೆ ಬಾವಿಯಿಂದ ಎತ್ತುವುದಾದರೆ ಮಾತ್ರ ಗಮನ ಕೊಡಿ. 150 ಮೀಟರ್ ಆಳದಿಂದ 1000 ಲೀಟರಿಗೆ ಸುಮಾರು ಒಂದು ಯೂನಿಟ್. ನಿಮ್ಮ ಮನೆಗಷ್ಟೇ ಆದರೆ ಅದೂ ದೊಡ್ಡದಲ್ಲ. ಇಡೀ ಕಟ್ಟಡದ್ದಾದರೆ ದೊಡ್ಡದು.

ಜನರೇಟರ್ ಇರುವ ಕಟ್ಟಡದಲ್ಲಿ ಆ ಕರೆಂಟಿನ ದರ ಬೇರೆ. ಒಂದು ಲೀಟರ್ ಡೀಸೆಲ್‌ನಿಂದ ಮೂರು, ಮೂರೂವರೆ ಯೂನಿಟ್ ಬಂದರೆ ಹೆಚ್ಚು. ಕರೆಂಟ್ ಆಗಾಗ ಹೋಗುವ ಜಾಗವಾದರೆ ಇದು ಮೇಂಟೆನೆನ್ಸ್ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ.

ನೀರು, ಮತ್ತೆ ಉಳಿದದ್ದು

ನೀರಿನ ಬಳಕೆ ಜನರ ಲೆಕ್ಕ. ಮನೆ ದೊಡ್ಡದಾದ ಮಾತ್ರಕ್ಕೆ ಅದು ಏರುವುದಿಲ್ಲ, ತೋಟ ಇಲ್ಲದಿದ್ದರೆ. ಮನೆಯಿಂದ ಮನೆಗೆ ಬದಲಾಗುವುದು ಕಕ್ಕಸಿನ ಫ್ಲಶ್ ಮತ್ತು ಶವರ್. ಹಳೆ ಫ್ಲಶ್ ಒಂದು ಸಲಕ್ಕೆ 10 ಲೀಟರ್ ಅಥವಾ ಇನ್ನೂ ಜಾಸ್ತಿ ಬಿಡುತ್ತದೆ. ಎರಡು ಗುಂಡಿಯ ಹೊಸದು 3 ಅಥವಾ 6. ನಾಲ್ಕು ಜನರ ಮನೆಯಲ್ಲಿ ಈ ಒಂದು ವ್ಯತ್ಯಾಸವೇ ತಿಂಗಳಿಗೆ 3000 ಲೀಟರ್ ದಾಟಬಹುದು. ಒಳಚರಂಡಿ ಶುಲ್ಕವನ್ನು ನೀರಿನ ಬಳಕೆ ಮೇಲೆ ಹಾಕುವ ಕಡೆ ಪೆಟ್ಟು ಎರಡು ಸಲ. ಶವರಿನ ಲೆಕ್ಕಕ್ಕೆ ಬಕೆಟ್ ಮತ್ತು ಗಡಿಯಾರ ಸಾಕು, ಒಂದು ನಿಮಿಷ ಬಿಟ್ಟು ನೋಡಿ. ಹೊರಗಿನಿಂದ ನೀರು ತರಿಸುವ ಕಟ್ಟಡವಾದರೆ ಬೇಸಿಗೆಯ ಮೂರು ತಿಂಗಳ ಮೇಂಟೆನೆನ್ಸ್ ರಸೀದಿ ತೋರಿಸಿ ಅನ್ನಿ. ಇಡೀ ವರ್ಷದ ಸರಾಸರಿ ಹೇಳಿದರೆ ಆ ಪೆಟ್ಟು ಅದರಲ್ಲಿ ಮುಚ್ಚಿಹೋಗುತ್ತದೆ.

ಇಂಟರ್ನೆಟ್ ಬಗ್ಗೆ ಲೆಕ್ಕ ಬೇಡ, ಆ ಕಟ್ಟಡಕ್ಕೆ ಯಾವ ಕಂಪನಿಯ ಕೇಬಲ್ ಬಂದಿದೆ ಅಂತ ಪಕ್ಕದ ಮನೆಯವರನ್ನು ಕೇಳಿ. ಒಂದೇ ಕಂಪನಿ ಇದ್ದರೆ ಅವರು ಹೇಳಿದ್ದೇ ದರ. ಕಸದ ಶುಲ್ಕ ಸಾಮಾನ್ಯವಾಗಿ ಸಣ್ಣದು, ಕೇಳಿ ಬರೆದುಕೊಳ್ಳಿ.

ಇಷ್ಟೂ ಸೇರಿಸಿದರೆ ಹೀಗೆ ಹಂಚಬಹುದು. ಬುನಾದಿ ಬಳಕೆ ಮತ್ತು ನೀರಿಗೆ ನಿಮ್ಮ ಹಳೆ ಮನೆಯ ಅಂಕಿ. ಬಿಸಿನೀರು ಮತ್ತು ಅಡುಗೆಗೆ ಸೂತ್ರ. ಎಸಿ ಅಥವಾ ಹೀಟರಿಗೆ ಹೊಸ ಮನೆಯ ಹಳೆ ಬಿಲ್ಲು. ಆ ಮನೆಯ ಬಿಸಿಲಿನ ತಿಂಗಳಿಗೂ ಹಿತವಾದ ತಿಂಗಳಿಗೂ ಇರುವ ಅಂತರವೇ ಆ ಗೋಡೆಗಳ ಬಗ್ಗೆ ಸಿಗುವ ಒಳ್ಳೆಯ ಸಾಕ್ಷಿ. ಬಿಲ್ಲೇ ಸಿಗದಿದ್ದರೆ ಅದೇ ಮಹಡಿಯ, ಅದೇ ದಿಕ್ಕಿಗೆ ಕಿಟಕಿ ಇರುವ ಪಕ್ಕದ ಮನೆಯವರನ್ನು ಕೇಳಿ. ಬೇರೆ ಮಹಡಿಯವರ ಉತ್ತರ ಅಷ್ಟು ಉಪಯೋಗಕ್ಕೆ ಬರುವುದಿಲ್ಲ.

ಕೊನೆಗೆ ದುಡ್ಡು. ಯೂನಿಟ್ಟನ್ನು ಸ್ಲ್ಯಾಬಿಗೆ ಹಾಕಿ, ನಿಗದಿತ ಶುಲ್ಕ, ತೆರಿಗೆ ಸೇರಿಸಿ. ಹೆಸರು ಬದಲಾವಣೆ, ಸಂಪರ್ಕದ ಠೇವಣಿ ಇವು ಒಮ್ಮೆ ಬರುವ ಖರ್ಚು, ಇವನ್ನು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ. ಕೀಲಿ ಕೈಗೆ ಬರುವ ದಿನ ಕರೆಂಟು, ನೀರು, ಗ್ಯಾಸ್ ಮೂರೂ ಮೀಟರಿನ ಫೋಟೋ ತೆಗೆದು, ಅವತ್ತೇ ಮನೆ ಮಾಲೀಕರಿಗೂ ಕಳಿಸಿಬಿಡಿ. ಹಿಂದಿನವರ ಬಾಕಿ ಬಂದರೆ ತೋರಿಸಲು ಅದು ಬೇಕಾಗುತ್ತದೆ.